ಬಡಿತಕ್ಕೆ ಹೆಪ್ಪುಗಟ್ಟದ ನೀರು

ನಮ್ಮ ಆಲ್ಟೆನ್‌ರೋಡ ವಿಶ್ವವಿದ್ಯಾಲಯದಲ್ಲಿ ಚಪ್ಪಾಳೆ ತಟ್ಟುವ ರೂಢಿಯಿಲ್ಲ. ಉಪನ್ಯಾಸ ಮನಸ್ಸಿಗೆ ಬಂದರೆ ಬೆರಳ ಗೆಣ್ಣುಗಳಿಂದ ಮುಂದಿನ ಮೇಜನ್ನು ಬಡಿಯುತ್ತೇವೆ. ಬಾರದಿದ್ದರೆ ಬೂಟುಗಳನ್ನು ನೆಲಕ್ಕೆ ಉಜ್ಜುತ್ತೇವೆ. ಬಡಿಯದೆ, ಉಜ್ಜದೆ, ಸುಮ್ಮನೆ ಕುಳಿತುಬಿಟ್ಟರೆ ಮಾತ್ರ ಉಪನ್ಯಾಸಕ ಊರು ಬಿಡುವ ಯೋಚನೆ ಮಾಡಬೇಕು. ನಾನೀಗ ಮುದುಕ, ಮೇಜು ಬಡಿದರೆ ಗೆಣ್ಣು ನೋಯುತ್ತದೆ. ಆದರೂ ರಸಾಯನಶಾಲೆಯ ಆ ಹಳೆಯ ಸಭಾಂಗಣ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅದರ ಓಕ್ ಮರದ ಮೇಜುಗಳು, ಅವುಗಳ ಮೇಲೆ ಒಮ್ಮೆಗೇ ಸುರಿಯುವ ಗೆಣ್ಣುಗಳ ಆಲಿಕಲ್ಲು ಮಳೆ ನೆನಪಾದರೆ ಇಂದಿಗೂ ರಕ್ತ ಬಿಸಿಯಾಗುತ್ತದೆ.

ಆ ಮಳೆಯೇ ಇರ್ಮಾ ರೋಡೆವಾಲ್ಟ್ ಅವರ ಮೊದಲ ಪರೀಕ್ಷೆಯನ್ನು ಹಾಳುಮಾಡಿತು. ಸುರಿಸಿದವರು ವೈರಿಗಳಲ್ಲ, ಅವರನ್ನು ಪ್ರೀತಿಸುತ್ತಿದ್ದ ನಾವು.

ಎರಡನೆಯ ಮಹಾಯುದ್ಧ ಮುಗಿದು ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ. ಇರ್ಮಾ ಭೌತರಸಾಯನ ವಿಜ್ಞಾನಿ. ವಯಸ್ಸು ನಲವತ್ತೈದು ದಾಟಿದ್ದರೂ ಹುದ್ದೆಯಲ್ಲಿ ಇನ್ನೂ ಸಹಾಯಕಿ: ಬೇರೆಯವರ ತರಗತಿಗಳಿಗೆ ಪ್ರಯೋಗ ಜೋಡಿಸಿಕೊಡುವುದು, ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ತಪ್ಪು ತಿದ್ದುವುದು. ತಮ್ಮದೇ ಹೆಸರಿನಲ್ಲಿ ಪಾಠ ಹೇಳಬೇಕಾದರೆ, ಮುಂದೊಂದು ದಿನ ಪ್ರೊಫೆಸರ್ ಆಗಬೇಕಾದರೆ, ಬೋಧನಾಧಿಕಾರ ಬೇಕು. ಅದಕ್ಕಾಗಿ ಪ್ರಾಧ್ಯಾಪಕ ಮಂಡಳಿಯ ಎದುರು, ವಿದ್ಯಾರ್ಥಿಗಳೆಲ್ಲ ಬಂದು ಕೂರಬಹುದಾದ ಸಭೆಯಲ್ಲಿ, ಒಂದು ಉಪನ್ಯಾಸ ಕೊಟ್ಟು ಗೆಲ್ಲಬೇಕು. ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶ ಉಂಟು. ಎರಡನೆಯ ಸಲವೂ ಸೋತರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಅವರ ವಿಷಯ, ಹೆಪ್ಪುಗಟ್ಟಲೊಲ್ಲದ ನೀರು. ಶುದ್ಧವಾದ ನೀರನ್ನು ಮೆಲ್ಲಮೆಲ್ಲನೆ ತಣಿಸಿದರೆ ಅದು ಸೊನ್ನೆ ಡಿಗ್ರಿಯ ಹೊಸ್ತಿಲು ದಾಟಿ ಬಹಳ ಕೆಳಗಿಳಿದರೂ ನೀರಾಗಿಯೇ ಉಳಿಯಬಲ್ಲದು. ನಾವು ಅದನ್ನು ಹಠಮಾರಿ ನೀರು ಎನ್ನುತ್ತಿದ್ದೆವು. ಈ ಹಠ ಮುರಿಯುವುದು ಯಾವುದರಿಂದ? ಅಲುಗಾಟದಿಂದ, ಎನ್ನುತ್ತಿದ್ದರು ನಮ್ಮ ವಿಭಾಗದ ಹಿರಿಯ ಪ್ರೊಫೆಸರ್ ಗ್ರೋಟೆ. ಅವರು ಬರೆದ ಪಠ್ಯಪುಸ್ತಕದಲ್ಲೂ ಹಾಗೆಯೇ ಇತ್ತು. ಇರ್ಮಾ ಒಪ್ಪುತ್ತಿರಲಿಲ್ಲ. ಬರಿಯ ಅಲುಗಾಟಕ್ಕೆ ನೀರು ಮಣಿಯುವುದಿಲ್ಲ. ಅದಕ್ಕೊಂದು ಬೀಜ ಬೇಕು, ಧೂಳಿನ ಕಣವೋ ಹಿಮದ ಹರಳೋ ಅದರೊಳಗೆ ಬೀಳಬೇಕು, ಬೀಜವಿಲ್ಲದೆ ಮೊಳಕೆಯಿಲ್ಲ ಎಂಬುದು ಅವರ ವಾದ.

ಮೊದಲ ಉಪನ್ಯಾಸ ಶರತ್ಕಾಲದಲ್ಲಿ ನಡೆಯಿತು. ಪ್ರದರ್ಶನದ ಮೇಜಿನ ಮೇಲೆ ಮಂಜುಗಡ್ಡೆ ಮತ್ತು ಉಪ್ಪು ತುಂಬಿದ ಗಾಜಿನ ತೊಟ್ಟಿ. ಅದರೊಳಗೆ ಉದ್ದ ಕೊರಳಿನ ಕುಪ್ಪಿ. ಕುಪ್ಪಿಯಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗಿದ್ದೂ ಕನ್ನಡಿಯಂತೆ ತಿಳಿಯಾಗಿ ನಿಂತ ನೀರು. ಉಪನ್ಯಾಸದ ಕೊನೆಗೆ ಇರ್ಮಾ ಅದನ್ನು ಎಲ್ಲರೆದುರು ಕುಲುಕಿ ತೋರಿಸುವವರಿದ್ದರು. ಡೀನ್ ಸಾಹೇಬರು ಪರಿಚಯ ಭಾಷಣ ಆರಂಭಿಸಿದರು. ಅವರು ಆರಂಭಿಸುವುದರಲ್ಲಿ ನಿಪುಣರು, ಮುಗಿಸುವುದರಲ್ಲಲ್ಲ. ವಿಶ್ವವಿದ್ಯಾಲಯದ ಸ್ಥಾಪನೆಯಿಂದ ಹೊರಟು, ನಾಲ್ಕು ಶತಮಾನ ನಡೆದು, ಕೊನೆಗೊಮ್ಮೆ ಇರ್ಮಾರ ಹೆಸರಿಗೆ ಬಂದು ತಲುಪಿದರು. ಇರ್ಮಾ ಎದ್ದು ನಿಂತರು. ಹಿಂದಿನ ಸಾಲುಗಳಲ್ಲಿ ಕಿಕ್ಕಿರಿದಿದ್ದ ನಾವು ಅಭಿಮಾನ ತಡೆಯಲಾರದೆ ಮೇಜು ಬಡಿದೆವು. ಸಭಾಂಗಣ ಗುಡುಗಿತು, ನೆಲದ ಹಲಗೆಗಳು ಅದುರಿದವು.

ಕುಪ್ಪಿಯಲ್ಲಿ ಒಂದು ಬಿಳಿಯ ಸೂಜಿ ಹುಟ್ಟಿತು. ಅದಕ್ಕೆ ಗರಿ ಮೂಡಿತು, ಗರಿಗೆ ಗರಿ. ನಾವು ಕೈ ಹಿಂದೆಗೆಯುವಷ್ಟರಲ್ಲಿ ನೀರೆಲ್ಲ ಬೆಳ್ಳಗಾಗಿತ್ತು.

ಮುಂದಿನ ಸಾಲಿನಿಂದ ಗ್ರೋಟೆಯವರ ಧ್ವನಿ ಬಂತು: "ಫ್ರಾವ್ ಡಾಕ್ಟರ್, ನೀವು ಬಾಯಿ ಬಿಡೋದಕ್ಕೆ ಮುಂಚೇನೇ ಉಪನ್ಯಾಸ ಮುಗಿದ ಹಾಗಿದೆಯಲ್ಲ? ನೀರೇ ಉತ್ತರ ಕೊಟ್ಟುಬಿಡ್ತು."

ಪ್ರಾಧ್ಯಾಪಕರು ನಕ್ಕರು. ಇರ್ಮಾ ಆ ಬಿಳಿಯ ಕುಪ್ಪಿಯನ್ನು ಪಕ್ಕದಲ್ಲಿಟ್ಟುಕೊಂಡೇ ಒಂದು ಗಂಟೆ ಮಾತಾಡಿದರು, ಧ್ವನಿ ನಡುಗಲಿಲ್ಲ. ಆದರೆ ಕಣ್ಣೆದುರು ಸೋತ ಸಾಕ್ಷಿಯನ್ನು ಕೂರಿಸಿಕೊಂಡು ಯಾವ ವಕೀಲ ಗೆದ್ದಾನು? ಮಂಡಳಿ ಅವರ ಬೇಡಿಕೆಯನ್ನು ತಳ್ಳಿಹಾಕಿತು. ಫೆಬ್ರವರಿಯಲ್ಲಿ ಇನ್ನೊಂದೇ ಸಲ ಎಂದಿತು.

ಮರುದಿನ ಬೆಳಿಗ್ಗೆ ನಾನೂ ನನ್ನ ಸಹಪಾಠಿ ಟಿಲ್ಮನ್ನೂ ಪ್ರಯೋಗಶಾಲೆಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತೆವು. ಟಿಲ್ಮನ್ ಊರ ಬ್ಯಾಂಡಿನಲ್ಲಿ ನಗಾರಿ ಬಾರಿಸುವವ. ಹಿಂದಿನ ದಿನ ಎಲ್ಲರಿಗಿಂತ ಗಟ್ಟಿಯಾಗಿ ಬಡಿದವನೂ ಅವನೇ. ಇರ್ಮಾ ಆಗಲೇ ಬಿಳಿ ಕೋಟು ತೊಟ್ಟು ಕುಪ್ಪಿ ತೊಳೆಯುತ್ತಿದ್ದರು.

"ಏನ್ರಪ್ಪಾ, ಸಾವಿನ ಮನೆಗೆ ಬಂದವರ ಹಾಗೆ ನಿಂತಿದೀರಿ? ಒಳಗೆ ಬನ್ನಿ, ಚಳಿ ಬರುತ್ತೆ."

"ನಾವು ಬಡೀಬಾರದಾಗಿತ್ತು ಫ್ರಾವ್ ಡಾಕ್ಟರ್," ಎಂದ ಟಿಲ್ಮನ್. ಅವನ ಕಿವಿ ಕೆಂಪಾಗಿತ್ತು.

"ಬಡೀದೆ ಇನ್ನೇನು ಮಾಡ್ತಿದ್ರಿ, ಮುತ್ತು ಕೊಡ್ತಿದ್ರಾ? ಸಾಕು ಬಿಡಿ. ಈ ಕೈಯಲ್ಲಿ ಇದೇ ಕುಪ್ಪೀನ ಎಷ್ಟು ಸಲ ಕುಲುಕಿದೀನಿ? ಒಂದು ಸಲವೂ ಹೆಪ್ಪುಗಟ್ಟಲಿಲ್ಲ. ನೆನ್ನೆ ಯಾಕೆ ಗಟ್ಟಿಯಾಯ್ತು? ಅದನ್ನ ಹೇಳಿ, ಆಮೇಲೆ ಅಳಿ."

ನಮಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದು ಅವರಿಗೆ ಹಸಿವಿನ ಹಾಗೆ. ಮುಖವನ್ನು ಇಳಿಸುತ್ತಿರಲಿಲ್ಲ, ಕಣ್ಣನ್ನು ಹೊಳೆಯಿಸುತ್ತಿತ್ತು. ಅಂಥ ಒಂದು ಚಳಿಗಾಲವನ್ನು ನಾನು ಮತ್ತೆ ಬಾಳಲಿಲ್ಲ.

ಆ ಹಸಿವು ಅವರಿಗೆ ತಂದೆಯಿಂದ ಬಂದಿತ್ತು. ತಂದೆ ವೆರಾ ನದಿಯ ದಡದಲ್ಲಿ ಬಿಯರು ಕಾರ್ಖಾನೆಗಳಿಗೆ ಮಂಜುಗಡ್ಡೆ ಮಾರುತ್ತಿದ್ದವರು. ಚಳಿಗಾಲದಲ್ಲಿ ಕೆರೆಯ ಮಂಜುಗಡ್ಡೆಯನ್ನು ಗರಗಸದಿಂದ ಕೊಯ್ದು ನೆಲಮಾಳಿಗೆಯಲ್ಲಿ ಹುಲ್ಲು ಮುಚ್ಚಿ ಇಡುತ್ತಿದ್ದರು. ಒಂದು ಮುಂಜಾನೆ ಕೆರೆಯ ಪಕ್ಕದ ಕಲ್ಲಿನ ಗುಂಡಿಯಲ್ಲಿ ನಿಂತಿದ್ದ ತಿಳಿನೀರಿಗೆ ಪುಟ್ಟ ಇರ್ಮಾ ಹಿಮದ ಚೂರೊಂದನ್ನು ಎಸೆದಳಂತೆ. ಅವಳು ನೋಡುತ್ತಿದ್ದಂತೆಯೇ ಗುಂಡಿಯ ತುಂಬ ಬಿಳಿಯ ಜರೀಗಿಡಗಳು ಎದ್ದುವಂತೆ. "ಅಪ್ಪನ ಹತ್ರ ಓಡಿಹೋಗಿ, ನೀರು ನನ್ನ ಮಾತು ಕೇಳಿತು ಅಂದೆ," ಎಂದು ಅವರು ನಗುತ್ತಿದ್ದರು. "ಅಪ್ಪ ಅಂದ್ರು, ಹಾಗಾದ್ರೆ ನಿಮ್ಮಮ್ಮನಿಗೂ ಅದನ್ನ ಕಲಿಸು, ನನ್ನ ಮಾತು ಕೇಳೋರು ಮನೇಲಿ ಯಾರೂ ಇಲ್ಲ."

ಕಥೆಯ ಇನ್ನೊಂದು ಭಾಗವನ್ನು ಅವರು ನನಗೊಬ್ಬನಿಗೇ ಹೇಳಿದ್ದು, ಡಿಸೆಂಬರಿನ ಒಂದು ಮಧ್ಯಾಹ್ನ. ಟಿಲ್ಮನ್ ಬ್ಯಾಂಡಿನ ಅಭ್ಯಾಸಕ್ಕೆ ಹೋಗಿದ್ದ. ಕಿಟಕಿಯಾಚೆ ಹಿಮ ಬೀಳುತ್ತಿತ್ತು.

ಇರ್ಮಾರ ಗುರು ಪ್ರೊಫೆಸರ್ ಲೆವಿನ್‌ಸೋನ್. ಬೀಜದ ವಿಚಾರ ಮೊದಲು ಹೊಳೆದದ್ದು ಅವರಿಗೆ. ಯಹೂದಿಯೆಂಬ ಒಂದೇ ಕಾರಣಕ್ಕೆ ಅವರನ್ನು ಹುದ್ದೆಯಿಂದ ಕಿತ್ತ ವರ್ಷ, ಅದೇ ಸಭಾಂಗಣದಲ್ಲಿ ಅವರು ತಮ್ಮ ಕೊನೆಯ ಪಾಠ ಹೇಳಿದರು. ಕಂದು ಅಂಗಿಯ ನಾಲ್ವರು ನಾಜಿಗಳು ಬಾಗಿಲಲ್ಲಿ ನಿಂತಿದ್ದರು. ಪಾಠ ಮುಗಿಯಿತು. ಗುರುಗಳು ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಂಡು, ವಾಡಿಕೆಯಂತೆ ಒಂದು ಗಳಿಗೆ ನಿಂತರು.

"ಯಾರೂ ಬಡೀಲಿಲ್ಲ, ಲ್ಯೂಡರ್ಸ್," ಎಂದರು ಇರ್ಮಾ. "ನಾನೂ. ಮುಷ್ಟಿ ಕಟ್ಟಿ ಮೇಜಿನ ಮೇಲೆ ಇಟ್ಟಿದ್ದೆ, ಹೀಗೆ. ಎತ್ತೋದಕ್ಕೆ ಆಗಲಿಲ್ಲ. ಅವರು ನಮ್ಮನ್ನೆಲ್ಲ ನೋಡಿದ್ರು, ಟೋಪಿ ಹಾಕ್ಕೊಂಡ್ರು, ಹೋದ್ರು."

ಆ ಮೌನಕ್ಕೆ ಪ್ರಾಯಶ್ಚಿತ್ತವೆಂಬಂತೆ ಅವರು ತಮ್ಮ ಪ್ರಬಂಧದ ಮೊದಲ ಪುಟದಲ್ಲಿ ಗುರುವಿನ ಹೆಸರು ಬರೆದರು. ತೆಗೆಯಿರಿ ಎಂದರು, ತೆಗೆಯಲಿಲ್ಲ. ಡಾಕ್ಟರ್ ಪದವಿಯನ್ನೇನೋ ಹೇಗೋ ಕೊಟ್ಟರು. ಮುಂದಿನ ಬಾಗಿಲುಗಳನ್ನೆಲ್ಲ ಮುಚ್ಚಿದರು. ಹೊಸ ಡಾಕ್ಟರಿಗೆ ರಟ್ಟಿನ ಟೋಪಿ ತೊಡಿಸಿ, ಕೈಗಾಡಿಯಲ್ಲಿ ಕೂರಿಸಿ, ಊರೆಲ್ಲ ಎಳೆದುಕೊಂಡು ಹೋಗುವುದು ನಮ್ಮಲ್ಲಿ ತಪ್ಪದ ಸಂಭ್ರಮ. ಇರ್ಮಾರ ಗಾಡಿ ಎಳೆಯಲು ಯಾರೂ ಬರಲಿಲ್ಲ. ಯುದ್ಧದ ವರ್ಷಗಳನ್ನು ಅವರು ಒಂದು ಡೇರಿಯಲ್ಲಿ ಹಾಲಿನ ಕೊಬ್ಬು ಅಳೆಯುತ್ತ ಕಳೆದರು. ಗುರುಗಳು ದೂರದ ಎಡಿನ್‌ಬರೋದಲ್ಲಿ, ಯುದ್ಧ ಮುಗಿಯುವ ಮೊದಲೇ ತೀರಿಕೊಂಡರು.

ನಾನು ಒಲೆಗೆ ಕಲ್ಲಿದ್ದಲು ಹಾಕಿದೆ. "ಸರಿ, ಕೂತಿದ್ದು ಸಾಕು," ಎಂದು ಅವರೇ ಎದ್ದರು.

ಜನವರಿ ಬಂತು. ಕುಪ್ಪಿ ಬದಲಿಸಿದೆವು, ನೀರನ್ನು ಮತ್ತೆ ಮತ್ತೆ ಭಟ್ಟಿ ಇಳಿಸಿದೆವು. ಟಿಲ್ಮನ್ ಮೇಜಿನ ಮೇಲೆ ತನ್ನ ನಗಾರಿ ಕೋಲುಗಳಿಂದ ಇಡೀ ಮೆರವಣಿಗೆಯನ್ನೇ ಬಾರಿಸಿದ. ಕೆಲವೊಮ್ಮೆ ನೀರು ತಡೆಯಿತು. ಕೆಲವೊಮ್ಮೆ ಮೊದಲ ಪೆಟ್ಟಿಗೇ ಬೆಳ್ಳಗಾಯಿತು. ಯಾವ ನಿಯಮವೂ ಕಾಣಲಿಲ್ಲ. ಫೆಬ್ರವರಿ ಹತ್ತಿರ ಬರುತ್ತಿತ್ತು. ಗ್ರೋಟೆಯವರು ಒಂದು ದಿನ ಬಾಗಿಲಲ್ಲಿ ಇಣುಕಿ, "ಇಲ್ಲಿ ರಸಾಯನ ವಿಜ್ಞಾನ ನಡೀತಿದೆಯೋ ವೇಷ ಕಟ್ಟೋ ಕಾರ್ನಿವಲ್ಲೋ?" ಎಂದರು.

"ಎರಡೂ, ಹೆರ್ ಪ್ರೊಫೆಸರ್," ಎಂದರು ಇರ್ಮಾ. "ಮುಖವಾಡ ಇದ್ರೆ ಹಾಕ್ಕೊಂಡು ಬನ್ನಿ, ಇಲ್ದಿದ್ರೆ ಹಾಗೇ ಬನ್ನಿ. ವ್ಯತ್ಯಾಸ ಆಗೋದಿಲ್ಲ."

ಗ್ರೋಟೆ ಗೊಣಗುತ್ತ ಹೋದರು. ಟಿಲ್ಮನ್ ನಗು ತಡೆಯಲಾರದೆ ಬೀರುವಿನ ಹಿಂದೆ ಅಡಗಿದ.

ನನ್ನ ಚಿಕ್ಕಮ್ಮ ಪ್ರತಿ ಚಳಿಗಾಲ ಹೆಬ್ಬಾತಿನ ಮಾಂಸದ ಒಂದು ಜಾಡಿ ಕಳಿಸುತ್ತಿದ್ದಳು. ಬೇಯಿಸಿದ ಮಾಂಸದ ಮೇಲೆ ಕರಗಿಸಿದ ಕೊಬ್ಬು ಹೊಯ್ದರೆ ಅದು ಮುಚ್ಚಳದಂತೆ ಗಟ್ಟಿಯಾಗುತ್ತದೆ. ಅದರಡಿ ಮಾಂಸ ವಸಂತದವರೆಗೂ ಕೆಡದು. ಜಾಡಿಯನ್ನು ಪ್ರಯೋಗಶಾಲೆಯ ಕಿಟಕಿಯ ಹೊರಗಟ್ಟೆಯಲ್ಲಿ ಇಡುತ್ತಿದ್ದೆವು. ಬೆಳಗಿನ ಎರಡನೆಯ ತಿಂಡಿಗೆ ರೈ ರೊಟ್ಟಿಯ ಮೇಲೆ ಸವರಿಕೊಳ್ಳಲೆಂದು ಟಿಲ್ಮನ್ ಅದನ್ನು ಒಳತಂದು ಮುಚ್ಚಳ ತಿರುಪಿ, ಮೇಜಿನ ಮೇಲೆ ಠಪ್ಪನೆ ಇಟ್ಟ. ಚಾಕುವನ್ನು ಕೊಬ್ಬಿಗೆ ಚುಚ್ಚಲು ಎತ್ತಿದ.

"ಮುಟ್ಟಬೇಡಿ!"

ಇರ್ಮಾರ ಕೂಗಿಗೆ ಚಾಕು ಅವನ ಕೈಯಿಂದ ಜಾರಿತು. ಅವರು ಬಗ್ಗಿ, ಮೂಗು ಜಾಡಿಗೆ ತಾಗುವಷ್ಟು ಹತ್ತಿರದಿಂದ ನೋಡಿದರು.

"ಇಲ್ಲಿ ನೋಡಿ ಲ್ಯೂಡರ್ಸ್, ಕೊಬ್ಬಿನ ಮೇಲೆ ಬೆಳ್ಳಗೆ ಚುಕ್ಕಿ ಚುಕ್ಕಿ ಕಾಣುತ್ತಲ್ಲ, ಏನದು?"

"ಉಪ್ಪೇನೋ."

"ನಿಮ್ಮ ಚಿಕ್ಕಮ್ಮ ಕೊಬ್ಬಿನ ಮೇಲೆ ಉಪ್ಪು ಹಾಕ್ತಾರಾ? ಜಾಡಿ ಕೊರಳು ನೋಡಿ!"

ಕೊರಳ ಒಳಮೈಯಲ್ಲಿ ನವಿರಾದ ಹಿಮದ ತುಪ್ಪಳ ಬೆಳೆದಿತ್ತು. ಜಾಡಿಯೊಳಗಿನ ಹವೆಯ ತೇವವೇ ಗಾಜಿಗೆ ಅಂಟಿ ಹೆಪ್ಪುಗಟ್ಟಿದ್ದು. ಟಿಲ್ಮನ್ ಠಪ್ಪನೆ ಇಟ್ಟ ಪೆಟ್ಟಿಗೆ ಆ ತುಪ್ಪಳದಿಂದ ನಾಲ್ಕಾರು ಹರಳು ಉದುರಿದ್ದವು. ಉದುರಿ, ಕೊಬ್ಬಿನ ಮೇಲೆ ನಿಂತಿದ್ದವು. ಒಳಗಿಳಿಯಲು ದಾರಿಯಿರಲಿಲ್ಲ.

ಇರ್ಮಾ ನೆಟ್ಟಗೆ ನಿಂತರು. ಅವರ ಕೆನ್ನೆಗಳಲ್ಲಿ ಬಣ್ಣ ಏರುವುದನ್ನು ನಾನು ನೋಡಿದೆ.

"ಬಡಿತ ನೀರನ್ನ ಮುಟ್ಟಲೇ ಇಲ್ಲ," ಎಂದರು, ಒಂದೊಂದೇ ಮಾತನ್ನು ತೂಗಿ. "ಬಡಿತ ಬಿದ್ದದ್ದು ಕೊರಳಿಗೆ. ಕೊರಳಲ್ಲಿ ಬೆಳೆದಿದ್ದ ಹಿಮ ಉದುರಿ ನೀರಿಗೆ ಬಿತ್ತು. ಬೀಜ! ನಾನು ಇಲ್ಲಿ ಕುಲುಕುವಾಗ ಕುಪ್ಪಿ ಆಗತಾನೆ ತಣಿದಿರ್ತಿತ್ತು, ಹಿಮ ಬೆಳೆಯೋಕೆ ಸಮಯವೇ ಇರಲಿಲ್ಲ. ಆವತ್ತು ಸಭೇಲಿ…"

"ಡೀನ್ ಸಾಹೇಬರ ಭಾಷಣ!" ಎಂದು ಟಿಲ್ಮನ್ ಕಿರುಚಿದ.

"ನಾಲ್ಕು ಶತಮಾನ!" ಎಂದೆ ನಾನು.

"ನಾಲ್ಕು ಶತಮಾನದ ಹಿಮ, ಪಾಪ, ಉದುರದೆ ಏನು ಮಾಡುತ್ತೆ!" ಎಂದರು ಇರ್ಮಾ. ಮೂವರೂ ನಕ್ಕೆವು, ನಗುತ್ತ ಇರ್ಮಾ ಮೇಜಿಗೆ ಒರಗಿ ಕಣ್ಣೊರೆಸಿಕೊಂಡರು. ಆಮೇಲೆ ತಟ್ಟನೆ ನಿಲ್ಲಿಸಿ, "ಟಿಲ್ಮನ್, ಪ್ಯಾರಫಿನ್ ಎಣ್ಣೆ. ಶುದ್ಧವಾದದ್ದು. ಓಡಿ!" ಎಂದರು.

ಅವನು ಓಡಿದ. ಹೆಬ್ಬಾತಿಗೆ ಕೊಬ್ಬಿನ ಮುಚ್ಚಳವಾದರೆ ನೀರಿಗೆ ಎಣ್ಣೆಯ ಮುಚ್ಚಳ. ಎರಡು ಬೆರಳಷ್ಟು ದಪ್ಪದ ತಿಳಿಯೆಣ್ಣೆ ಹೊಯ್ದು, ಕುಪ್ಪಿಯನ್ನು ತೊಟ್ಟಿಗಿಳಿಸಿ, ಬೇಕೆಂದೇ ಸಂಜೆಯವರೆಗೆ ಕಾದೆವು. ಕೊರಳಲ್ಲಿ ಹಿಮ ಬೆಳೆಯಿತು. ಟಿಲ್ಮನ್ ಕೋಲು ತೆಗೆದುಕೊಂಡ. ಮೆಲ್ಲಗೆ ಶುರುಮಾಡಿದವನು ಸೈನ್ಯವೇ ನಡೆದುಹೋಗುವಂತೆ ಬಾರಿಸಿದ. ಹಿಮದ ಹರಳುಗಳು ಉದುರಿದವು, ಎಣ್ಣೆಯೊಳಗೆ ಮೆಲ್ಲನೆ ಇಳಿಯತೊಡಗಿದವು. ಅವು ನೀರನ್ನು ತಲುಪುವ ಮೊದಲೇ ಇರ್ಮಾ ತೆಳುವಾದ ಗಾಜಿನ ಕೊಳವೆಯಿಂದ ಅವನ್ನು ಹೀರಿ ತೆಗೆದರು. ಕೆಳಗೆ ನೀರು, ತಿಳಿಯಾಗಿ, ಮೌನವಾಗಿ, ಹಠಮಾರಿಯಾಗಿ ನಿಂತಿತ್ತು.

"ಇಷ್ಟು ಸಾಲದು," ಎಂದರು ಅವರು. "ಕೊಳವೆ ಹಿಡಿದು ನಿಂತ್ರೆ ಗ್ರೋಟೆ ಅಂತಾರೆ, ಏನೋ ಕೈಚಳಕ ಅಂತ." ಮರುದಿನ ಅವರು ಕೊರಳಿಗೆ ಒಣಗಿಸಿದ ಹತ್ತಿಯ ಬಿರಡೆ ತುರುಕಿ, ಎಣ್ಣೆಯ ಪದರವನ್ನು ಕೊರಳ ಅಂಚಿನವರೆಗೂ ಏರಿಸಿದರು. ಹಿಮ ಬೆಳೆಯಲು ಖಾಲಿ ಗಾಜೇ ಉಳಿಯಲಿಲ್ಲ. ಆಮೇಲೆ ಟಿಲ್ಮನ್ ಬಾರಿಸಿ ಬಾರಿಸಿ ಒಂದು ಕೋಲು ಮುರಿದ, ನೀರು ಮುರಿಯಲಿಲ್ಲ. ಒಂದೇ ಒಂದು ಸಲ ಹೆಪ್ಪುಗಟ್ಟಿತು. ಅಂದು ಕುಪ್ಪಿಯನ್ನು ತೊಳೆದವನು ನಾನು, ಗಡಿಬಿಡಿಯಲ್ಲಿ. ಆದ್ದರಿಂದ ಭಯ ಪೂರ್ತಿ ಹೋಗಲಿಲ್ಲ. ಒಂದು ಧೂಳಿನ ಕಣ ಸಾಕು, ಇಡೀ ಬಾಳು ಬೆಳ್ಳಗಾಗಲು.

ಫೆಬ್ರವರಿಯ ಆ ಮಧ್ಯಾಹ್ನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುದ್ದಿ ಊರಿಗೆಲ್ಲ ಹಬ್ಬಿತ್ತು. ನಾನು ಪಕ್ಕದ ಸಿದ್ಧತೆಯ ಕೋಣೆಯಲ್ಲಿ ಇರ್ಮಾರ ಜೊತೆಗಿದ್ದೆ. ಕುಪ್ಪಿಯನ್ನು ತೊಟ್ಟಿಯ ಸಮೇತ ಮೇಜಿನ ಮೇಲಿಟ್ಟು ಬಂದೆವು. ಡೀನ್ ಸಾಹೇಬರು ಈ ಸಲ ಮೂರೇ ಮಾತಿನಲ್ಲಿ ಪರಿಚಯ ಮುಗಿಸಿದರು. ನಾಲ್ಕು ಶತಮಾನದ ನಮ್ಮ ನಗೆಮಾತು ಅವರ ಕಿವಿಗೂ ಬಿದ್ದಿರಬೇಕು. ಇರ್ಮಾ ಒಳಗೆ ಬಂದು ಪ್ರದರ್ಶನದ ಮೇಜಿನ ಬಳಿಗೆ ನಡೆದರು.

ಯಾರೂ ಬಡಿಯಲಿಲ್ಲ.

ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದು ಗೆಣ್ಣೂ ಅಲುಗಲಿಲ್ಲ. ನೂರಾರು ಯುವಕ ಯುವತಿಯರು ಕೈಗಳನ್ನು ತೊಡೆಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕುಳಿತಿದ್ದರು. ಇರ್ಮಾ ನಿಂತಲ್ಲೇ ನಿಂತರು. ಮುಖದ ರಕ್ತವೆಲ್ಲ ಇಳಿದುಹೋಯಿತು. ಅವರ ಕಣ್ಣೆದುರು ಯಾವ ಸಭೆ ಎದ್ದು ಬಂದಿದೆಯೆಂದು ಅಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

"ವಿದ್ಯಾರ್ಥಿಗಳಿಗೂ ಉತ್ಸಾಹ ಇಳಿದ ಹಾಗಿದೆ," ಎಂದು ಗ್ರೋಟೆ ಪಕ್ಕದವರಿಗೆ ಕೇಳುವಂತೆ ಹೇಳಿದರು.

ನಾನು ಬಾಗಿಲ ಬಳಿಯಿದ್ದ ಟಿಲ್ಮನ್ನನ ತೋಳು ಹಿಡಿದೆಳೆದೆ. "ಏನಾಗಿದೆಯೋ ಎಲ್ಲರಿಗೂ?"

"ನಾನೇ ಹೇಳಿದ್ದು ಕಣೋ!" ಎಂದು ಅವನು ಹೆಮ್ಮೆಯಿಂದ ಪಿಸುಗುಟ್ಟಿದ. "ಬೆಳಿಗ್ಗೆಯಿಂದ ಒಬ್ಬೊಬ್ಬರನ್ನೂ ಹಿಡಿದು ಹೇಳಿದೀನಿ. ಕುಪ್ಪಿ ಇದೆ, ಉಸಿರೂ ಬಿಡಬೇಡಿ, ಬಡಿದವನ ಕೈ ಮುರೀತೀನಿ ಅಂತ. ಎಣ್ಣೆ ಗಿಣ್ಣೆ ಏನೇ ಇರಲಿ, ಯಾಕೆ ಬೇಕು ಅಪಾಯ?"

"ಅಯ್ಯೋ ಪುಣ್ಯಾತ್ಮ!" ಎಂದೆ. ನಾಲ್ಕು ಹೆಜ್ಜೆಯಲ್ಲಿ ಮೇಜಿನ ಬಳಿಗೆ ಹೋಗಿ, ತೊಟ್ಟಿಯ ಉಪ್ಪು ಸರಿಪಡಿಸುವವನಂತೆ ಬಗ್ಗಿ, ಇರ್ಮಾರ ಕಿವಿಗೆ ಹೇಳಿದೆ: "ಕುಪ್ಪಿ ಉಳೀಲಿ ಅಂತ ಬಡೀತಿಲ್ಲ ಫ್ರಾವ್ ಡಾಕ್ಟರ್. ಟಿಲ್ಮನ್ ಕೆಲಸ. ಪ್ರೀತಿಗೆ ಸುಮ್ಮನಿದಾರೆ."

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಮೊದಲು ಏನೂ ಇರಲಿಲ್ಲ; ಆಮೇಲೆ, ಮೊದಲ ಸೂಜಿಗೆ ಗರಿ ಮೂಡುವಂತೆ, ನಗು ಹಬ್ಬಿತು. ಅವರು ಸಭೆಯತ್ತ ತಿರುಗಿದರು. ಬರೆದು ತಂದಿದ್ದ ಹಾಳೆಗಳನ್ನು ಪಕ್ಕಕ್ಕೆ ಸರಿಸಿದರು.

"ನೀವೆಲ್ಲ ಈ ನೀರನ್ನ ಕಾಪಾಡ್ತಿದೀರಿ ಅಂತ ಈಗ ಗೊತ್ತಾಯ್ತು," ಎಂದರು. "ನಿಮ್ಮ ದಯೆ ದೊಡ್ಡದು. ಆದ್ರೆ ನಿಮ್ಮ ದಯೆಯಿಂದ ಉಳಿಯೋ ನೀರು ನನಗೆ ಬೇಡ. ಅದು ನಿಜದ ಬಲದಿಂದ ಉಳೀಬೇಕು. ಇದೇ ಕಟ್ಟಡದಲ್ಲಿ ಪ್ರೊಫೆಸರ್ ಲೆವಿನ್‌ಸೋನ್ ಅಂತ ಒಬ್ಬರಿದ್ರು. ಬೀಜ ಇಲ್ಲದೆ ನೀರು ಹೆಪ್ಪುಗಟ್ಟೋದಿಲ್ಲ ಅಂತ ಮೊದಲು ಹೇಳಿದವರು ಅವರು. ಅವರು ಹೇಳಿದ್ದು ಸುಳ್ಳಾದ್ರೆ ಈ ನೀರು ಈಗಲೇ ನಿಮ್ಮ ಕಣ್ಣೆದುರು ಬೆಳ್ಳಗಾಗುತ್ತೆ, ನಾನು ಕೋಟು ತೊಟ್ಟು ಮನೆಗೆ ಹೋಗ್ತೀನಿ. ಬಡೀರಿ!"

ಯಾರಿಗೂ ಧೈರ್ಯ ಬರಲಿಲ್ಲ. ಟಿಲ್ಮನ್ ತಲೆ ಅಲ್ಲಾಡಿಸುತ್ತ, ಬೇಡ ಬೇಡ ಎಂದು ಎರಡೂ ಕೈಗಳಿಂದ ಸನ್ನೆ ಮಾಡುತ್ತಿದ್ದ.

"ಸರಿ, ಹಾಗಾದ್ರೆ ಹಿರಿಯರಿಂದಲೇ ಶುರುವಾಗಲಿ," ಎಂದರು ಇರ್ಮಾ. "ಹೆರ್ ಪ್ರೊಫೆಸರ್ ಗ್ರೋಟೆ, ಅಲುಗಾಟಕ್ಕೆ ನೀರು ಹೆಪ್ಪುಗಟ್ಟುತ್ತೆ ಅನ್ನೋರು ನೀವು. ನಿಮ್ಮ ಪುಸ್ತಕದ ಮಾತಿಗೆ ನೀವೇ ನಿಲ್ಲಬೇಕು. ದಯವಿಟ್ಟು."

ಗ್ರೋಟೆ ಕನ್ನಡಕ ಸರಿಪಡಿಸಿಕೊಂಡರು. "ಆಮೇಲೆ ನನ್ನನ್ನ ದೂರಬಾರದು," ಎಂದು ಮೇಜಿಗೆ ಒಂದು ಗೆಣ್ಣು ಕುಟ್ಟಿದರು. ನೀರು ಹಾಗೇ ಇತ್ತು. ಇನ್ನೂ ಗಟ್ಟಿಯಾಗಿ ಕುಟ್ಟಿದರು. ನೀರು ಹಾಗೇ ಇತ್ತು. ಎರಡೂ ಮುಷ್ಟಿಗಳಿಂದ ಬಡಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಒಬ್ಬ ಬಡಿದ, ಇನ್ನೊಬ್ಬಳು ಬಡಿದಳು. ಕಟ್ಟೆಯೊಡೆದಂತೆ ಇಡೀ ಸಭಾಂಗಣ ಗುಡುಗಿತು. ಓಕ್ ಮೇಜುಗಳು ಗುಡುಗಿದವು, ಕಿಟಕಿಯ ಗಾಜುಗಳು ಝಲ್ಲೆಂದವು, ದೀಪದ ಬುರುಡೆಗಳು ತೂಗಾಡಿದವು. ಬೇಡವೆಂದಿದ್ದ ಟಿಲ್ಮನ್ ಬಾಗಿಲ ಹಲಗೆಯ ಮೇಲೆ ತನ್ನ ಉಳಿದೊಂದು ಕೋಲಿನಿಂದ ಬಾರಿಸತೊಡಗಿದ್ದ. ಕುಪ್ಪಿ ನಡುಗಿತು. ಎಣ್ಣೆಯ ಮೈ ಸುಕ್ಕುಗಟ್ಟಿತು. ಅದರಡಿಯ ನೀರಿನಲ್ಲಿ ಅಲೆಯ ಮೇಲೆ ಅಲೆ ಎದ್ದಿತು. ನಾನು ಉಷ್ಣಮಾಪಕವನ್ನೇ ನೋಡುತ್ತಿದ್ದೆ. ನೀರು ಹೆಪ್ಪುಗಟ್ಟುವಾಗ ತಾನು ಬಚ್ಚಿಟ್ಟುಕೊಂಡ ಬಿಸಿಯನ್ನು ಬಿಟ್ಟುಕೊಡುತ್ತದೆ. ಪಾದರಸ ಸರ್ರನೆ ಸೊನ್ನೆಗೇರುತ್ತದೆ. ಪಾದರಸ ಏರಲಿಲ್ಲ.

ಇರ್ಮಾ ಕೈಯೆತ್ತಿದರು. ಬಡಿತ ನಿಂತಿತು. ಗ್ರೋಟೆ ಮಾತ್ರ ನಿಲ್ಲಿಸಿರಲಿಲ್ಲ. ಎದ್ದು ನಿಂತು, ಕೆಂಪಾದ ಮುಖದಿಂದ ಕುಪ್ಪಿಯನ್ನೇ ದುರುಗುಟ್ಟಿ ನೋಡುತ್ತ, ಊರುಗೋಲಿನಿಂದ ಮೇಜಿಗೆ ಬಡಿಯುತ್ತಲೇ ಇದ್ದರು. ತುಂಬಿದ ಸಭೆಯಲ್ಲಿ ಅದೊಂದೇ ಸದ್ದು. ಡೀನ್ ಅವರ ಕೋಟಿನ ತುದಿ ಎಳೆದರು: "ಸಾಕು ಮಾರಾಯರೇ, ಇಷ್ಟ ಆಗಿದೆ ಅಂತ ಎಲ್ಲರಿಗೂ ಗೊತ್ತಾಯ್ತು."

ನಗುವಿನ ಹೊಳೆ ಹರಿಯಿತು. ಗ್ರೋಟೆಯವರೂ, ತಮ್ಮ ಇಷ್ಟಕ್ಕೆ ವಿರೋಧವಾಗಿ, ಮೀಸೆಯಡಿ ಒಮ್ಮೆ ನಕ್ಕಂತೆ ನನಗೆ ಕಂಡಿತು.

ಇರ್ಮಾ ಹತ್ತಿ ತೆಗೆದರು. ಗಾಜಿನ ಕಡ್ಡಿಯ ತುದಿಗೆ ಹಿಮದ ಒಂದು ಹರಳು ಅಂಟಿಸಿಕೊಂಡು, ಎಣ್ಣೆಯೊಳಗಿಂದ ಇಳಿಸಿ, ನೀರಿಗೆ ಮುಟ್ಟಿಸಿದರು, ಅಷ್ಟೆ. ಕಡ್ಡಿಯ ತುದಿಯಿಂದ ಬಿಳಿಯ ಜರೀಗಿಡಗಳು ಚಿಮ್ಮಿ ಕುಪ್ಪಿಯ ಗೋಡೆಗಳವರೆಗೆ ಹಬ್ಬಿದವು. ಪಾದರಸ ಹಕ್ಕಿಯಂತೆ ಮೇಲೇರಿತು. ಆಗ ಬಿದ್ದ ಬಡಿತವನ್ನು ಬಣ್ಣಿಸುವ ಶಕ್ತಿ ನನಗೆ ಅಂದೂ ಇರಲಿಲ್ಲ, ಕವಿತೆ ಓದುತ್ತಲೇ ಮುದುಕನಾದ ಇಂದೂ ಇಲ್ಲ.

ಮಂಡಳಿ ಒಳಗೆ ಸೇರಿತು. ನಾವು ಹೊರಗೆ ಕಾದೆವು. ಟಿಲ್ಮನ್ ಎಲ್ಲಿಗೋ ಮಾಯವಾಗಿದ್ದ. ಒಳಗೆ ನಡೆದದ್ದನ್ನು ಡೀನ್ ಸಾಹೇಬರೇ ಆಮೇಲೆ ಹಲವು ವರ್ಷ ಔತಣಕೂಟಗಳಲ್ಲಿ ಹೇಳಿ ನಗಿಸಿದರು. "ನಾನು ಬಡಿದದ್ದು ಮೆಚ್ಚಿ ಅಲ್ಲ, ನೀರಿನ ಹಠ ಒಡೆಯೋದಕ್ಕೆ," ಎಂದು ಗ್ರೋಟೆ ಪಟ್ಟು ಹಿಡಿದರಂತೆ. ಡೀನ್ ಕೇಳಿದರಂತೆ: "ಒಡೀತೋ?" ಗ್ರೋಟೆ ಕನ್ನಡಕ ತೆಗೆದು ಒರೆಸುತ್ತ, "ಇಲ್ಲ," ಎಂದರಂತೆ. "ಪುಸ್ತಕದ ಆ ಅಧ್ಯಾಯ ಮತ್ತೆ ಬರೀಬೇಕು. ಬರೆಯೋದು ಆಕೆಯೇ ವಾಸಿ."

ಬಾಗಿಲು ತೆರೆಯಿತು. ಡೀನ್ ಹೊರಬಂದು ಇರ್ಮಾರ ಕೈ ಹಿಡಿದು ಬಗ್ಗಿದರು. ಬೋಧನಾಧಿಕಾರ ಅವರದಾಗಿತ್ತು.

ನಾವು ಕೂಗಿದ ಕೂಗಿಗೆ ಹೊರಗೆ ಕಾಗೆಗಳು ಹಾರಿದವು. ಅಂಗಳದಲ್ಲಿ ಟಿಲ್ಮನ್ ಕೈಗಾಡಿಯ ಮುಂದೆ ನಿಂತಿದ್ದ. ಗಾಡಿಗೆಲ್ಲ ಬಣ್ಣದ ಕಾಗದ. ಅವನ ಕೈಯಲ್ಲಿ ಕಪ್ಪು ರಟ್ಟಿನ ಟೋಪಿ. ಟೋಪಿಯ ನೆತ್ತಿಯಲ್ಲಿ ತಂತಿಯಿಂದ ಕಟ್ಟಿದ, ಚಿಕ್ಕಮ್ಮನ ಆ ಖಾಲಿ ಜಾಡಿ.

"ಇದು ಡಾಕ್ಟರ್ ಆದವರಿಗೆ ಮಾಡೋದಲ್ವೇನ್ರೀ," ಎಂದರು ಇರ್ಮಾ. "ನಾನು ಡಾಕ್ಟರ್ ಆಗಿ ಇಪ್ಪತ್ತು ವರ್ಷ ಆಯ್ತು."

"ಗಾಡಿ ಸ್ವಲ್ಪ ತಡವಾಗಿ ಬಂತು, ಕ್ಷಮಿಸಬೇಕು," ಎಂದ ಟಿಲ್ಮನ್.

"ಸೋತಿದ್ರೆ ಏನ್ಮಾಡ್ತಿದ್ಯೋ ಇದನ್ನ?" ಎಂದು ನಾನು ಕೇಳಿದೆ.

"ಗ್ರೋಟೆ ಮನೆ ಬಾಗಿಲಿಗೆ ಅಡ್ಡ ನಿಲ್ಲಿಸಿ ಚಕ್ರ ಬಿಚ್ಚಿಕೊಂಡು ಬರ್ತಿದ್ದೆ."

ಇರ್ಮಾ ಟೋಪಿ ತೊಟ್ಟು, ಸ್ಕರ್ಟು ಹಿಡಿದು, ಗಾಡಿಯೇರಿದರು. ನಾನು ಒಂದು ಹಿಡಿ, ಟಿಲ್ಮನ್ ಒಂದು ಹಿಡಿ; ಹಿಂದೆ ನೂರು ಕೈಗಳು ನೂಕುತ್ತಿದ್ದವು. ಮಾರುಕಟ್ಟೆ ಚೌಕದಲ್ಲಿ ಸಾಸೇಜು ಮಾರುವವಳು ತನ್ನ ಚಿಮಟ ಎತ್ತಿ ಹರಸಿದಳು. ಹಿಮದ ಮೇಲೆ ಚಕ್ರಗಳು ಕಿರುಗುಟ್ಟಿದವು. ಲಿಂಡೆನ್ ಬೀದಿಯ ತಿರುವಿನಲ್ಲಿ ಇರ್ಮಾ, "ಇಲ್ಲಿ ನಿಲ್ಸಿ," ಎಂದರು.

ಹಸಿರು ಬಾಗಿಲಿನ ಒಂದು ಮನೆ. ನನಗೆ ಅರ್ಥವಾಯಿತು, ಲೆವಿನ್‌ಸೋನ್ ಅಲ್ಲಿ ವಾಸವಾಗಿದ್ದರು. ಇರ್ಮಾ ಇಳಿದು, ಜಾಡಿಯ ಟೋಪಿ ತೊಟ್ಟುಕೊಂಡೇ ಮೆಟ್ಟಿಲೇರಿದರು. ಮುಷ್ಟಿ ಕಟ್ಟಿದರು. ಒಂದು ಗಳಿಗೆ ಅದನ್ನು ಬಾಗಿಲಿಗೆ ಒತ್ತಿ ಹಿಡಿದರು. ಆಮೇಲೆ ಎತ್ತಿ ಬಡಿದರು. ಕರೆಯುವವರ ಹಾಗಲ್ಲ, ಪಾಠ ಮುಗಿದಾಗ ಬಡಿಯುವ ಹಾಗೆ, ಎಡೆಬಿಡದೆ, ಗೆಣ್ಣು ಕೆಂಪಾಗುವವರೆಗೆ.

ಮೇಲಿನ ಕಿಟಕಿ ತೆರೆದು ಹೆಂಗಸೊಬ್ಬಳು ಇಣುಕಿದಳು. "ಯಾರು? ಯಾರು ಬೇಕಾಗಿತ್ತು?"

"ಯಾರೂ ಬೇಡ ತಾಯಿ," ಎಂದರು ಇರ್ಮಾ, ತಲೆಯೆತ್ತಿ. "ಮುಂಚೆ ಇಲ್ಲಿದ್ದವರೊಬ್ಬರ ಪಾಠ ತುಂಬ ಚೆನ್ನಾಗಿತ್ತು."

ಆ ಹೆಂಗಸು ಅವರ ಟೋಪಿಯನ್ನೂ ಜಾಡಿಯನ್ನೂ ನೋಡಿದಳು, ನಮ್ಮನ್ನು ನೋಡಿದಳು. ಟಿಲ್ಮನ್‌ಗೆ ಏನೂ ಗೊತ್ತಿರಲಿಲ್ಲ. ಆದರೂ ಅವನೇ ಮೊದಲು ಗಾಡಿಯ ಹಲಗೆಗೆ ಗೆಣ್ಣು ಬಡಿದ. ನಾನು ಬಡಿದೆ. ಬೇಲಿಯ ಮೇಲೆ, ಲಿಂಡೆನ್ ಮರಗಳ ಕಾಂಡಗಳ ಮೇಲೆ, ಸಿಕ್ಕ ಸಿಕ್ಕ ಮರದ ಮೇಲೆಲ್ಲ ನಮ್ಮವರು ಬಡಿಯತೊಡಗಿದರು. ಕೊಂಬೆಗಳಲ್ಲಿ ಕುಳಿತಿದ್ದ ಹಿಮ ಉದುರಿ, ಬಾಗಿಲ ಮುಂದೆ ನಿಂತಿದ್ದ ಇರ್ಮಾರ ಹೆಗಲ ಮೇಲೆ ಬಿತ್ತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ. ಬಡಿಯುತ್ತಲೇ ಇದ್ದರು.